ಹಳದಿ ಸ್ಟಿಕ್ಕರಿನವರು

ಗೈಡ್ ಹಿಡಿದ ಬಾವುಟದ ಹಿಂದೆ ಸಾಲಾಗಿ ನಡೆಯುವ ಪ್ರವಾಸಿಗರನ್ನು ಕುರಿಮಂದೆ ಎಂದು ಆಡಿಕೊಳ್ಳುವವರಿದ್ದಾರೆ. ಅವರು ಈ ವಿಷಯದಲ್ಲಿ ಕುರಿಯ ಅಭಿಪ್ರಾಯ ಕೇಳಿದಂತಿಲ್ಲ. ಬೆಳಿಗ್ಗೆ ಎದ್ದು ಯಾವ ಕಡೆ ಮೇಯಲು ಹೋಗಬೇಕು, ಎಷ್ಟು ಹೊತ್ತಿಗೆ ತಿರುಗಬೇಕು, ಮಳೆ ಬಂದರೆ ಯಾವ ಮರದ ಕೆಳಗೆ ನಿಲ್ಲಬೇಕು ಎಂಬ ಒಂದು ಚಿಂತೆಯೂ ಅದಕ್ಕಿಲ್ಲ. ನನ್ನಂಥ ಸಂಸಾರಸ್ಥನಿಗೋ, ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವುದರಿಂದ ಹಿಡಿದು ಸಂಪಿನ ಮೋಟಾರ್ ಹಾಕುವುದು, ನೆನಪಿಟ್ಟು ಆರಿಸುವುದು, ಯಾರ ಮನೆ ಮದುವೆಗೆ ಎಷ್ಟು ಮುಯ್ಯಿ ಎನ್ನುವವರೆಗೆ ದಿನವಿಡೀ ತೀರ್ಮಾನಗಳೇ. ಹೀಗಿರುವಾಗ ಗುರುತು ಪರಿಚಯವಿಲ್ಲದ ಒಬ್ಬ ಹುಡುಗ ಬಂದು, ಈಗ ಕೂತುಕೊಳ್ಳಿ, ಈಗ ಏಳಿ, ಈಗ ಊಟ ಮಾಡಿ, ಈಗ ಬಚ್ಚಲಿಗೆ ಹೋಗಿ ಬನ್ನಿ ಎಂದು ಸಂಜೆಯವರೆಗೆ ಹೇಳುತ್ತಾನೆಂದರೆ ಅದಕ್ಕೆ ದುಡ್ಡು ಕೊಡುವುದು ದುಂದುವೆಚ್ಚವಲ್ಲ. ವಿಶ್ರಾಂತಿ ಎಂದರೆ ಅದೇ.

ನನ್ನ ಷಡ್ಡಕನದು ಬೇರೆ ಮತ. ಥಾಯ್ಲೆಂಡಿನವರು 2023ರ ಕೊನೆಗೆ ನಮಗೆ ವೀಸಾ ಬೇಡ ಎಂದರು ನೋಡಿ, ಆಮೇಲೆ ನಮ್ಮ ಬಡಾವಣೆಯಲ್ಲಿ ಫುಕೆಟ್ ನೋಡಿದವರ ಸಂಖ್ಯೆ ಮಂತ್ರಾಲಯ ನೋಡಿದವರನ್ನು ಮೀರುವ ಹಾಗಾಯಿತು. ನಮ್ಮ ಎರಡು ಮನೆಯವರೂ ಅತ್ತೆಯವರನ್ನು ಜೊತೆಗಿಟ್ಟುಕೊಂಡು ಕ್ರಿಸ್‌ಮಸ್ ರಜೆಗೆ ಹೊರಟೆವು. ಷಡ್ಡಕ ಹೊರಡುವ ಮೊದಲೇ ಎಕ್ಸೆಲ್ ಶೀಟೊಂದನ್ನು ಮಾಡಿದ್ದ. ಅದರಲ್ಲಿ ಫಾಂಗ್ ಙಾ ಕೊಲ್ಲಿಯ ಜೇಮ್ಸ್ ಬಾಂಡ್ ದ್ವೀಪಕ್ಕೆ ಹೋಗುವ ದಿನದ ಮುಂದೆ ‘ಸ್ವಂತ ದೋಣಿ’ ಎಂದು ಬರೆದಿತ್ತು. ಉದ್ದನೆಯ ಮರದ ದೋಣಿ, ಅದರ ಹಿಂದೆ ಲಾರಿಯದೋ ಕಾರಿನದೋ ಹಳೆ ಎಂಜಿನ್ನು, ಅದಕ್ಕೆ ಸಿಕ್ಕಿಸಿದ ಮಾರುದ್ದದ ಸರಳಿನ ತುದಿಯಲ್ಲಿ ತಿರುಗುವ ರೆಕ್ಕೆ. ಲಾಂಗ್‌ಟೇಲ್ ಎನ್ನುತ್ತಾರೆ.

“ಅದನ್ನೇ ಬಾಡಿಗೆಗೆ ಹಿಡಿಯೋಣ ಭಾವ. ನಮಗೆ ಬೇಕಾದ ಕಡೆ ನಿಲ್ಲಿಸಬಹುದು. ಟೂರಿನವರ ಜೊತೆ ಹೋಗೋದು ಏನು ಪ್ರವಾಸ? ಜೇಮ್ಸ್ ಬಾಂಡ್ ಏನು ಗೈಡ್ ಇಟ್ಕೊಂಡು ಹೋಗಿದ್ನಾ ಅಲ್ಲಿಗೆ?”

ಈ ಮಾತಿಗೆ ನನ್ನಲ್ಲಿ ಉತ್ತರವಿತ್ತು. ಆದರೆ ಒಳ್ಳೆಯ ಉತ್ತರವನ್ನು ಹೋಟೆಲಿನ ಲಾಬಿಯಲ್ಲಿ ಖರ್ಚು ಮಾಡಬಾರದು ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಟೂರಿನ ಕರಪತ್ರವನ್ನು ಓದಿ ಮುಗಿಸಿದ್ದಳು. “ರೀ, ಊಟ ಸೇರಿದೆಯಂತೆ” ಎಂದಳು. ಪ್ರಜಾಪ್ರಭುತ್ವದಲ್ಲಿ ಇದಕ್ಕಿಂತ ದೊಡ್ಡ ಪ್ರಣಾಳಿಕೆ ಇನ್ನೇನು ಬೇಕು? ಎಕ್ಸೆಲ್ ಶೀಟಿಗೆ ಠೇವಣಿಯೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ವ್ಯಾನ್ ಬಂದು ನಮ್ಮನ್ನು ಫುಕೆಟ್ ದ್ವೀಪದ ಪೂರ್ವ ದಂಡೆಯ ಜೆಟ್ಟಿಗೆ ಸುರಿಯಿತು. ಅಲ್ಲಿ ಪ್ರಪಂಚವೇ ಸ್ಟಿಕ್ಕರುಗಳಾಗಿ ಹಂಚಿಹೋಗಿತ್ತು. ಕೆಂಪಿನವರು ಫಿ ಫಿ ದ್ವೀಪಕ್ಕೆ, ನೀಲಿಯವರು ಇನ್ನೆಲ್ಲಿಗೋ, ಹಳದಿಯವರು ನಾವು. ಎದೆಯ ಮೇಲೆ ಹಳದಿ ಚುಕ್ಕೆ ಬಿದ್ದ ಗಳಿಗೆಯಿಂದ ನನಗೆ ಹೆಸರು, ಹುದ್ದೆ, ರಕ್ತದೊತ್ತಡ ಯಾವುದೂ ಇಲ್ಲವೆನಿಸಿ ಹಾಯಾಯಿತು. ಮೇಜಿನ ಮೇಲೆ ಕಾಫಿ, ಬಿಸ್ಕತ್ತು, ಒಂದು ಬಟ್ಟಲಿನ ತುಂಬ ವಾಂತಿಯಾಗದಂತೆ ನುಂಗುವ ಮಾತ್ರೆ. ಅತ್ತೆಯವರು ಅದನ್ನು ಪ್ರಸಾದವೆಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಷಡ್ಡಕ ಸ್ಟಿಕ್ಕರನ್ನು ಷರ್ಟಿಗೆ ಅಂಟಿಸಿಕೊಳ್ಳದೆ ಜೇಬಿನೊಳಗೆ ಇಟ್ಟುಕೊಂಡ. ಗೈಡ್ ನೋಡಿ, ಮಾತಾಡದೆ ಹೊಸದೊಂದನ್ನು ತಂದು ಅವನ ಹೊಟ್ಟೆಯ ನಡುಮಧ್ಯೆ ಒತ್ತಿ ಅಂಟಿಸಿ, ಎರಡು ಸಲ ತಟ್ಟಿ ಹೋದ.

ಇಪ್ಪತ್ತೈದರ ಆಸುಪಾಸಿನ ಹುಡುಗ. ಭಾರತದವರನ್ನು ಕಂಡರೆ “ಚಲೋ ಚಲೋ”, ರಷ್ಯಾದವರಿಗೆ ಅವರದೊಂದು, ಚೀನೀಯರಿಗೆ ಮತ್ತೊಂದು. ಯಾವ ಭಾಷೆಯಲ್ಲೂ ‘ಬೇಗ’ ಎಂಬ ಶಬ್ದವನ್ನು ಮೊದಲು ಕಲಿತಿದ್ದ. ಎಲ್ಲರ ಚಪ್ಪಲಿಗಳನ್ನೂ ಒಂದು ಬುಟ್ಟಿಗೆ ತುಂಬಿಸಿ ಬರಿಗಾಲಲ್ಲಿ ಸ್ಪೀಡ್‌ಬೋಟ್ ಹತ್ತಿಸಿದ. ಬೆನ್ನುನೋವಿನವರು, ಬಸುರಿಯರು, ವಯಸ್ಸಾದವರು ಹಿಂದೆ. ಧೈರ್ಯವಂತರು ಮುಂದೆ ಎಂದ. ಷಡ್ಡಕ ಮುಂದೆ ಹೋಗಿ ಕೂತ. ಸ್ಪೀಡ್‌ಬೋಟಿನ ಮುಂಭಾಗ ಅಲೆಯಿಂದ ಎದ್ದು ಅಲೆಗೆ ಬೀಳುತ್ತದೆಂದೂ, ಅಷ್ಟೂ ಸಲ ಅದರ ಮೇಲೆ ಕೂತವನೂ ಬೀಳುತ್ತಾನೆಂದೂ ಕರಪತ್ರದಲ್ಲಿ ಬರೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ವಯಸ್ಸಾದವರ ಪಟ್ಟಿಗೆ ಸಂತೋಷದಿಂದ ಸೇರಿಕೊಂಡ ನಾನು, ಅತ್ತೆಯವರಿಗೆ ನಾವು ಹೋಗುತ್ತಿರುವ ಜಾಗದ ಮಹಿಮೆ ಹೇಳಿದೆ.

“ಜೇಮ್ಸ್ ಬಾಂಡ್ ಅಂದ್ರೆ ಯಾರು, ನಮ್ಮ ರಾಜ್‌ಕುಮಾರ್ ಮಾಡ್ತಿದ್ರಲ್ಲ, ಸಿ.ಐ.ಡಿ. 999, ಅವರ ಥರದವನಾ?”

“ಹೌದು, ಅವನನ್ನು ನೋಡಿಯೇ ಇವರು.”

“ಇರಲಾರದು” ಎಂದರು ಅತ್ತೆ. “ರಾಜ್‌ಕುಮಾರ್ ಮೊದಲು.”

ಲೆಕ್ಕ ಹಾಕಿದರೆ ಈ ದ್ವೀಪದ ಮಟ್ಟಿಗೆ ಅವರ ಮಾತೇ ಸರಿ. ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’, ‘ಗೋವಾದಲ್ಲಿ ಸಿ.ಐ.ಡಿ. 999’ ಎರಡೂ 1968ರವು. ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ ಚಿತ್ರಕ್ಕಾಗಿ ರೋಜರ್ ಮೂರ್ ಈ ಕೊಲ್ಲಿಗೆ ಬಂದದ್ದು, ಆ ಚಿತ್ರ 1974ರಲ್ಲಿ ತೆರೆಕಂಡದ್ದು, ಎಲ್ಲವೂ ಆಮೇಲಿನ ಮಾತು.

ಸ್ವಲ್ಪ ಹೊತ್ತಿಗೆ ಸಮುದ್ರ ಹಸುರಾಯಿತು. ಮೂರು ಕಡೆಯಿಂದ ನೆಲ ಸುತ್ತುವರಿದ ಕೊಲ್ಲಿ. ಮುಂಗಾರಿನಲ್ಲೂ ಇಲ್ಲಿ ಅಂಥ ಅಲೆ ಏಳುವುದಿಲ್ಲವಂತೆ. ನೀರಿನಿಂದ ನೆಟ್ಟಗೆ ಬಂಡೆಗಳು ಎದ್ದು ನಿಂತಿದ್ದವು, ಒಂದರ ಹಿಂದೆ ಒಂದು, ದೂರಹೋದಂತೆ ಹಸುರಿನಿಂದ ನೀಲಿಗೆ, ನೀಲಿಯಿಂದ ಬರೀ ಹೊಗೆಗೆ ತಿರುಗುತ್ತ. ಎಲ್ಲ ಸುಣ್ಣಕಲ್ಲು. ನಮ್ಮ ಉತ್ತರ ಕನ್ನಡದ ಯಾಣದ ಶಿಖರಗಳೂ ಇದೇ ಜಾತಿಯವು, ಅಲ್ಲಿ ಕಾಡಿನೊಳಗೆ ನಿಂತಿವೆ, ಇಲ್ಲಿ ಸಮುದ್ರದೊಳಗೆ. ಹಿಮಯುಗ ಮುಗಿದು ನೀರು ಏರಿದಾಗ ಕಣಿವೆಗಳೆಲ್ಲ ಮುಳುಗಿ ಗುಡ್ಡದ ತಲೆಗಳಷ್ಟೇ ಉಳಿದುಕೊಂಡವು. ಗೈಡ್ ಇದ್ಯಾವುದನ್ನೂ ಹೇಳಲಿಲ್ಲ. “ಅದು ಆನೆ, ಅದು ಕೋಳಿ, ಅದು ಬುದ್ಧ” ಎಂದು ಬಂಡೆಗಳಿಗೆ ನಾಮಕರಣ ಮಾಡುತ್ತ ಹೋದ. ಯಾಣದಲ್ಲಿ ಭೈರವೇಶ್ವರ, ಮೋಹಿನಿ ಎನ್ನುವ ಜನರಾದ ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅತ್ತೆಯವರಿಗಂತೂ ಆನೆಯ ಸೊಂಡಿಲ ಜೊತೆಗೆ ಮೋದಕವೂ ಕಂಡಿತು.

ಮೊದಲ ನಿಲ್ದಾಣದಲ್ಲಿ ನಮ್ಮನ್ನು ಗಾಳಿ ತುಂಬಿದ ಪುಟ್ಟ ಕ್ಯಾನೂಗಳಿಗೆ ಇಬ್ಬಿಬ್ಬರಂತೆ ಇಳಿಸಿದರು. ಹುಟ್ಟು ಹಾಕಲು ಪ್ರತಿಯೊಂದರಲ್ಲೂ ಒಬ್ಬ ಊರಿನವನು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿಕೊಂಡ ಅತ್ತೆಯವರೂ ನಾನೂ ಒಂದರಲ್ಲಿ. ಬಂಡೆಯ ಬುಡದಲ್ಲಿ ಗವಿಯ ಬಾಯಿ; ನೀರಿಗೂ ಅದರ ಮೇಲ್ತುಟಿಗೂ ನಡುವೆ ಒಂದು ಮೊಳ ಇದ್ದೀತು. ದೋಣಿಯವನು “ಮಲಗಿ” ಎಂದು ಸನ್ನೆ ಮಾಡಿದ. ಅಳಿಯನ ಮುಂದೆ ಮಲಗುವುದು ಹೇಗೆ ಎಂಬ ಪ್ರಶ್ನೆ ಅತ್ತೆಯವರ ಮುಖದ ಮೇಲೆ ಒಂದು ಕ್ಷಣ ಹಾದುಹೋಯಿತು. ಬಂಡೆ ಹತ್ತಿರ ಬಂತು. ಮಲಗಿದರು. ನಾನೂ ಮಲಗಿದೆ. ಕತ್ತಲೆಯಲ್ಲಿ ಕಲ್ಲು ಮೂಗಿನ ಮೇಲಿಂದ ಸರಿದುಹೋಗುತ್ತಿತ್ತು, ಮುಂದಿನಿಂದ ರಾಮರಕ್ಷಾಸ್ತೋತ್ರ ಕೇಳುತ್ತಿತ್ತು.

ಒಳಗೆ ಬಂದರೆ ಗುಡ್ಡದ ಹೊಟ್ಟೆ ಟೊಳ್ಳು. ಸುತ್ತ ಗೋಡೆ, ಮೇಲೆ ಆಕಾಶದ ಒಂದು ತುಂಡು, ಕೆಳಗೆ ಕೊಳ, ಕೊಳದಲ್ಲಿ ಕಾಂಡ್ಲಾ ಗಿಡಗಳು ಬೇರೂರಿ ನಿಂತಿವೆ. ಯಾವ ಕಾಲದಲ್ಲೋ ಮಾಡು ಕುಸಿದು ಬಯಲಾದ ಗವಿ ಇದು. ಕೆಸರಿನ ಮೇಲೆ ಮೀನೊಂದು ಎರಡು ರೆಕ್ಕೆಯೂರಿ ತೆವಳುತ್ತಿತ್ತು. ಇಲ್ಲೇ ಅರ್ಧ ದಿನ ಇದ್ದುಬಿಡೋಣ ಎನ್ನಿಸುವಷ್ಟರಲ್ಲಿ ಹೊರಗಿನಿಂದ ಸೀಟಿ ಕೇಳಿಸಿತು.

ಆಚೆ ಬಂದ ಮೇಲೆ ಷಡ್ಡಕ ಗೈಡ್ ಜೊತೆ ಜಗಳಕ್ಕೇ ನಿಂತ. ಇಷ್ಟು ದೂರ ಕರೆದುಕೊಂಡು ಬಂದು ಇಷ್ಟೇ ಹೊತ್ತು ಎಂದರೆ ಏನರ್ಥ? ಗೈಡ್ ಬೇಸರಪಟ್ಟುಕೊಳ್ಳದೆ ಗವಿಯ ಬಾಯಿಯ ಕಡೆ ಕೈ ತೋರಿಸಿದ. ನಾವು ಹೋಗುವಾಗ ಒಂದು ಮೊಳವಿದ್ದ ಸಂದು ಈಗ ಗೇಣಿಗೆ ಬಂದಿತ್ತು. ಭರತ ಏರುತ್ತಿತ್ತು. ನೀರು ಹೆಚ್ಚಾದರೆ ಬಾಗಿಲು ಮುಚ್ಚುತ್ತದೆ, ತೀರಾ ಇಳಿದರೆ ಒಳಗೆ ಬರೀ ಕೆಸರು. ನಡುವೆ ಸಿಗುವ ಹೊತ್ತೇ ಹೊತ್ತು. ಅವನ ಕೈಯಲ್ಲಿದ್ದ ಗಡಿಯಾರವನ್ನು ನಡೆಸುತ್ತಿದ್ದವನು ಚಂದ್ರ. ಷಡ್ಡಕನ ಎಕ್ಸೆಲ್ ಶೀಟಿನಲ್ಲಿ ಚಂದ್ರನಿಗೆ ಕಾಲಂ ಇರಲಿಲ್ಲ.

ಬಾಂಡ್ ದ್ವೀಪದ ನಿಜವಾದ ಹೆಸರು ಖಾವೊ ಫಿಂಗ್ ಕಾನ್. ಅದರ ಮುಂದೆ, ಮೂಲೆಯ ನೀರಿನಲ್ಲಿ, ಸುಮಾರು 20 ಮೀಟರ್ ಎತ್ತರದ ಒಂಟಿ ಬಂಡೆ ಕೊ ತಾಪು. ತಲೆ ದೊಡ್ಡದು, ಬುಡ ಸಣ್ಣದು. ಅಲೆಗಳು ಅಡಿಯನ್ನು ಮೆದ್ದು ಮೆದ್ದು ಹೀಗಾಗಿದೆ. ಬಂಡೆ ಸವೆದೀತೆಂದು 1998ರಿಂದ ದೋಣಿಗಳನ್ನು ಹತ್ತಿರ ಬಿಡುವುದಿಲ್ಲ. ಹಾಗಾಗಿ ದಡದಲ್ಲಿ ನಿಂತು, ಅಂಗೈ ಚಾಚಿ, ಅದರ ಮೇಲೆ ಬಂಡೆ ಕೂತಂತೆ ಫೋಟೊ ತೆಗೆಸಿಕೊಳ್ಳುವುದು ಸಂಪ್ರದಾಯ. ಅದಕ್ಕೆ ಸಾಲು ಇತ್ತು. ನೂರಾರು ಅಂಗೈಗಳು ಸರದಿಗೆ ಕಾಯುತ್ತಿದ್ದವು. ಕ್ಯಾಮೆರಾ ಹಿಡಿದವರು “ಇನ್ನೂ ಸ್ವಲ್ಪ ಕೆಳಗೆ, ಎಡಕ್ಕೆ, ಅಯ್ಯೋ ಬಂಡೆ ಬಿತ್ತು” ಎಂದು ಹತ್ತು ಭಾಷೆಗಳಲ್ಲಿ ಕೂಗುತ್ತಿದ್ದರು. ಅತ್ತೆಯವರು ಮಾತ್ರ ಬಂಡೆಯ ಬುಡವನ್ನೇ ದಿಟ್ಟಿಸುತ್ತಿದ್ದರು.

“ಇದು ಬೀಳಲ್ವಾ?”

“ಒಂದು ದಿನ ಬೀಳಬಹುದು.”

“ಇಷ್ಟು ಜನರ ಹತ್ತಿರ ಟಿಕೆಟ್ ದುಡ್ಡು ತಗೋತಾರೆ. ಸುತ್ತ ಒಂದು ಕಟ್ಟೆ ಕಟ್ಟಿಸಬಾರದಾ?”

ಸಾಲಿನಲ್ಲಿ ನಿಂತಿದ್ದಾಗ ಷಡ್ಡಕನ ಅಸಮಾಧಾನ ಮತ್ತೆ ಹೊರಬಿತ್ತು. “ನೋಡಿ ಭಾವ, ಬಾಂಡ್ ಬಂದಾಗ ಇಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಒಬ್ಬನೇ ಬಂದ. ಅದು ಪ್ರವಾಸ.”

ಉಳಿಸಿಟ್ಟುಕೊಂಡಿದ್ದ ಉತ್ತರವನ್ನು ಆಗ ತೆಗೆದೆ. ಸಿನಿಮಾದಲ್ಲಿ ಈ ದ್ವೀಪ ಬಾಂಡನದಲ್ಲ, ಖಳನಾಯಕ ಸ್ಕರಮಾಂಗನದು. ಕ್ರಿಸ್ಟೊಫರ್ ಲೀ ಮಾಡಿದ ಪಾತ್ರ. ಬಾಂಡ್ ಒಂದು ಪುಟ್ಟ ವಿಮಾನದಲ್ಲಿ ಬಂದು ಇಳಿಯುತ್ತಾನೆ. ಮನೆಯ ಯಜಮಾನನೇ ದಡಕ್ಕೆ ಬಂದು ಬರಮಾಡಿಕೊಂಡು, ತನ್ನ ಸೌರಶಕ್ತಿ ಯಂತ್ರಾಗಾರವನ್ನು ಒಂದೊಂದೇ ತೋರಿಸಿ ವಿವರಿಸುತ್ತಾನೆ. ಆಮೇಲೆ ಕೂರಿಸಿ ಊಟ ಹಾಕಿಸುತ್ತಾನೆ. ಊಟವಾದ ಮೇಲೆ ಒಂದು ಮನರಂಜನಾ ಕಾರ್ಯಕ್ರಮ, ಅಂದರೆ ಪಿಸ್ತೂಲಿನ ದ್ವಂದ್ವಯುದ್ಧ. ಅದು ಮುಗಿದ ಮೇಲೆ ವಾಪಸು ಹೋಗುವುದಕ್ಕೆ ಯಜಮಾನನ ದೋಣಿಯೇ.

“ಕರೆದುಕೊಂಡು ತೋರಿಸೋದು, ವಿವರಣೆ, ಊಟ, ಆಟ, ದೋಣಿ. ಇದಕ್ಕೆ ಗೈಡೆಡ್ ಟೂರ್ ಅನ್ನದೆ ಏನಂತಾರೆ? ಬಾಂಡ್‌ಗೆ ಸ್ಟಿಕ್ಕರ್ ಒಂದು ಅಂಟಿಸಲಿಲ್ಲ ಅಷ್ಟೆ.”

ಷಡ್ಡಕ ಸ್ವಲ್ಪ ಹೊತ್ತು ಯೋಚಿಸಿದ. “ಆದ್ರೆ ಬಾಂಡ್ ಗೈಡನ್ನು ಕೊಂದ” ಎಂದ. ಆ ಗಳಿಗೆಯಲ್ಲಿ ಅವನು ನಮ್ಮ ಹುಡುಗನ ಕಡೆ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಒಂದು ಹೋಲಿಕೆಯನ್ನು ಕಡೆಯವರೆಗೂ ಎಳೆಯಬಾರದು.

ಊಟಕ್ಕೆ ನಿಲ್ಲಿಸಿದ್ದು ಕೊ ಪನ್ಯಿಯಲ್ಲಿ. ದೊಡ್ಡ ಬಂಡೆಯೊಂದಕ್ಕೆ ಬೆನ್ನು ಕೊಟ್ಟು, ನೀರಿನೊಳಗೆ ನೆಟ್ಟ ಕಂಬಗಳ ಮೇಲೆ ನಿಂತ ಮುಸ್ಲಿಂ ಬೆಸ್ತರ ಹಳ್ಳಿ. ಜಾವಾ ಕಡೆಯಿಂದ ಹದಿನೆಂಟನೆಯ ಶತಮಾನದ ಕೊನೆಗೆ ಬಂದವರ ವಂಶದವರು. ಆಗ ಹೊರಗಿನವರು ನೆಲ ಕೊಳ್ಳುವಂತಿರಲಿಲ್ಲ, ಅದಕ್ಕೇ ನೀರಿನ ಮೇಲೆ ಮನೆ ಮಾಡಿದರು. ಮಸೀದಿ, ಶಾಲೆ, ಅಂಗಡಿಸಾಲು ಎಲ್ಲ ಹಲಗೆಯ ಮೇಲೆ. 1986ರ ಫುಟ್‌ಬಾಲ್ ವಿಶ್ವಕಪ್ ನೋಡಿದ ಮಕ್ಕಳಿಗೆ ಆಡುವ ಹುಚ್ಚು ಹಿಡಿಯಿತು. ಓಡಲು ನೆಲವಿಲ್ಲ. ಹಳೆಯ ಹಲಗೆ, ಮೀನಿನ ತೆಪ್ಪ ಜೋಡಿಸಿ ತೇಲುವ ಮೈದಾನವನ್ನೇ ಕಟ್ಟಿಕೊಂಡರು. ಚೆಂಡು ನೀರಿಗೆ ಬೀಳದಂತೆ ಆಡಿ ಆಡಿ ಕಾಲು ಪಳಗಿ, ದೊಡ್ಡವರಾಗಿ ಪಂದ್ಯಗಳನ್ನು ಗೆದ್ದರಂತೆ. ಆ ಮೈದಾನದ ಹೊಸ ರೂಪ ಈಗಲೂ ಇದೆ. ಇದನ್ನೆಲ್ಲ ಹೇಳುವಾಗ ಗೈಡ್ ಗಡಿಯಾರ ನೋಡಲಿಲ್ಲ. ಇಡೀ ದಿನದಲ್ಲಿ ಅವನು ಬಂಡೆಗೆ ಹೆಸರಿಡದೆ ಮನುಷ್ಯರ ವಿಷಯ ಮಾತಾಡಿದ್ದು ಅಲ್ಲಿ ಮಾತ್ರ.

ನಮಗೆ ಪ್ರತ್ಯೇಕ ಮೇಜು: ಅನ್ನ, ಎಣ್ಣೆಯಲ್ಲಿ ಬಾಡಿಸಿದ ಎಲೆಕೋಸು, ಅನಾನಸು. ಎಲೆಕೋಸಿನ ಮೇಲೆ ಹೊಳೆಯುತ್ತಿದ್ದ ಕಂದು ರಸ ಸೋಯಾದ್ದೋ ಮೀನಿನದೋ ಎಂಬ ಬಗ್ಗೆ ಅಕ್ಕತಂಗಿಯರ ನಡುವೆ ಗಂಭೀರ ವಿಚಾರಣೆ ನಡೆಯಿತು. ಅತ್ತೆಯವರು ಅದಕ್ಕೆ ಕಾಯಲಿಲ್ಲ. ಕೈಚೀಲದಿಂದ ಪುಳಿಯೋಗರೆ ಗೊಜ್ಜಿನ ಡಬ್ಬಿ ತೆಗೆದು, ಘಮಘಮಿಸುವ ಥಾಯ್ ಅನ್ನಕ್ಕೆ ಸುರಿದು ಕಲೆಸಿದರು. ದೂರದಲ್ಲಿ ನಿಂತು ತಲೆ ಎಣಿಸುತ್ತಿದ್ದ ಗೈಡನ್ನು ಕರೆದರು.

“ಬಾಪ್ಪ ಇಲ್ಲಿ. ಬೆಳಿಗ್ಗೆಯಿಂದ ಕೂಗ್ತಾ ಇದೀಯ. ಏನು ತಿಂದೆ?”

ಕನ್ನಡದಲ್ಲೇ ಕೇಳಿದ್ದು. ಅವನಿಗೆ ಅರ್ಥವಾಯಿತು. ಹುಣಸೆ, ಬೆಲ್ಲ, ಖಾರ ತಿಂದು ಬೆಳೆದ ದೇಶದವನು. ಮೊದಲ ತುತ್ತಿಗೇ ಹುಬ್ಬು ಮೇಲೇರಿತು. ಎರಡನೆಯ ಸಲ ಬಡಿಸಿದಾಗ ಬೇಡವೆನ್ನಲಿಲ್ಲ. ಅಲ್ಲಿಂದ ಹೊರಡುವುದು ತಡವಾಯಿತು. ಚಂದ್ರನೂ ಏನೂ ಅನ್ನಲಿಲ್ಲ.

ಸಂಜೆ ಜೆಟ್ಟಿಗೆ ಬಂದರೆ ಮೇಜಿನ ಮೇಲೆ ನಮ್ಮ ಮುಖಗಳೇ ಸಾಲಾಗಿ ಕೂತಿದ್ದವು. ಬೆಳಿಗ್ಗೆ ದೋಣಿಯ ಕಡೆ ನಡೆಯುವಾಗ ನಮಗೆ ಗೊತ್ತಿಲ್ಲದಂತೆ ಫೋಟೊ ಹೊಡೆದು, ಚೌಕಟ್ಟು ಹಾಕಿ, ಮಾರಾಟಕ್ಕೆ ಇಟ್ಟಿದ್ದರು. ಅತ್ತೆಯವರದರಲ್ಲಿ ಕಣ್ಣು ಮುಚ್ಚಿತ್ತು. ಬೇಡವೆಂದರೆ ಕೇಳಲಿಲ್ಲ. “ನನ್ನ ಮುಖ ಪರದೇಶದ ಮೇಜಿನ ಮೇಲೆ ಬಿಟ್ಟು ಬರೋದಾ? ತಗೊಳ್ಳಿ ಅದನ್ನ” ಎಂದರು. ತೆಗೆದುಕೊಂಡೆ. ಅದರ ಪಕ್ಕದಲ್ಲೇ ಇನ್ನೊಂದಿತ್ತು. ಮುಂದೆ ಬಾವುಟ ಎತ್ತಿ ಹಿಡಿದ ಗೈಡ್; ಅವನ ಹಿಮ್ಮಡಿಗೆ ಅಂಟಿಕೊಂಡು, ಮಂದೆಯಲ್ಲಿ ಎಲ್ಲರಿಗಿಂತ ಮೊದಲು, ಹೊಟ್ಟೆಯ ನಡುಮಧ್ಯೆ ಹಳದಿ ಚುಕ್ಕೆಯಿಟ್ಟುಕೊಂಡು, ಬಾಯಿ ತೆರೆದು ಬಾವುಟವನ್ನೇ ನೋಡುತ್ತ ನಡೆಯುತ್ತಿದ್ದವನು ನನ್ನ ಷಡ್ಡಕ. ಕೇಳಿದಷ್ಟು ಬಾಟ್ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ವ್ಯಾನಿನಲ್ಲಿ ಕೂತ ಮೇಲೆ ಅವನು ಎರಡರಷ್ಟು ಕೊಡುತ್ತೇನೆಂದ. ಹೋಟೆಲ್ ಬರುವಷ್ಟರಲ್ಲಿ ನಾಲ್ಕರಷ್ಟಾಗಿತ್ತು. ನಾನು ಮಾರಲಿಲ್ಲ.