ಎರಡನೆಯ ಪೆಟ್ಟಿಗೆಗೊಂದು ಬಿನ್ನವತ್ತಳೆ

ಇಂದು ಸನ್ಮಾನಕ್ಕೆ ಪಾತ್ರವಾಗಿರುವುದು ಮನೆಯಲ್ಲೇ ಕಟ್ಟಿದ ವಿಡಿಯೊ ಗೇಮ್ ಪೆಟ್ಟಿಗೆ, ಅದರಲ್ಲೂ ಎರಡನೆಯದು. ಮೊದಲನೆಯದನ್ನು ಕಟ್ಟಲು ಉತ್ಸಾಹವೊಂದಿದ್ದರೆ ಸಾಕು. ಎರಡನೆಯದಕ್ಕೆ ನಕ್ಷೆ ಬೇಕು, ಮನೆಯವರ ಒಪ್ಪಿಗೆ ಬೇಕು, ಒಂದು ಇರುವಾಗ ಇನ್ನೊಂದೇಕೆ ಎಂಬ ಪ್ರಶ್ನೆಗೆ ಉತ್ತರವೂ ಬೇಕು. ಆ ಉತ್ತರವೇ ಈ ಬಿನ್ನವತ್ತಳೆಯ ವಿಷಯ.

ಸನ್ಮಾನಿತರದು ದೊಡ್ಡ ಮನೆತನ. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ ‘ಪಾಂಗ್’, 1978ರಲ್ಲಿ ಜಪಾನಿನ ತೈತೊ ಕಂಪನಿಯ ‘ಸ್ಪೇಸ್ ಇನ್‌ವೇಡರ್ಸ್’, 1980ರಲ್ಲಿ ನಾಮ್ಕೊದ ‘ಪ್ಯಾಕ್-ಮ್ಯಾನ್’, 1991ರಲ್ಲಿ ಕ್ಯಾಪ್‌ಕಾಮ್‌ನ ‘ಸ್ಟ್ರೀಟ್ ಫೈಟರ್ 2’ ಇವರೆಲ್ಲ ಕುಲದ ಹಿರಿಯರು. ಆಗ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಒಂದೇ ಆಟ. 1997ರಲ್ಲಿ ಇಟಲಿಯ ನಿಕೊಲಾ ಸಾಲ್ಮೊರಿಯಾ ‘ಮೇಮ್’ ತಂತ್ರಾಂಶ ಹೊರತಂದ ಮೇಲೆ ಮಾಮೂಲಿ ಕಂಪ್ಯೂಟರೇ ಹಳೆಯ ಯಂತ್ರಗಳ ವೇಷ ಹಾಕತೊಡಗಿತು. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಆ ಕಂಪ್ಯೂಟರನ್ನು ಅಂಗೈಯಗಲಕ್ಕೆ ಇಳಿಸಿತು. ತಂತ್ರಾಂಶ ಉಚಿತ, ಆಟಗಳ ಹಕ್ಕು ಮಾತ್ರ ಆಯಾ ಕಂಪನಿಗಳದು. ವಂಶಾವಳಿ ಓದುವವರು ಈ ಒಂದು ಸಾಲನ್ನು ಮೆಲುದನಿಯಲ್ಲಿ ಓದುವುದುಂಟು.

ಎರಡನೆಯ ಜನ್ಮಕ್ಕೊಂದು ಗಂಡಾಂತರವಿದೆ. ಐಬಿಎಂನ ದೈತ್ಯ ತಂತ್ರಾಂಶವೊಂದರ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, ವಿನ್ಯಾಸಕಾರನೊಬ್ಬ ರೂಪಿಸುವುದರಲ್ಲಿ ಎರಡನೆಯದೇ ಅತಿ ಅಪಾಯಕಾರಿ ಎಂದು 1975ರ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದರು. ಮೊದಲ ಸಲ ಹೆದರಿ ಕೈಬಿಟ್ಟ ಆಸೆಗಳೆಲ್ಲ ಎರಡನೆಯದರ ಮೇಲೆ ಸವಾರಿ ಮಾಡುತ್ತವೆ. ಟ್ರ್ಯಾಕ್‌ಬಾಲ್, ಸ್ಟಿಯರಿಂಗ್, ಬಂದೂಕು, ನಾಲ್ವರಿಗೆ ನಾಲ್ಕು ಜಾಯ್‌ಸ್ಟಿಕ್, ಬಣ್ಣಬಣ್ಣದ ದೀಪ, ಎಲ್ಲವೂ ನಕ್ಷೆಯೊಳಗೆ ನುಗ್ಗುತ್ತವೆ. ಇವೆಲ್ಲ ಕೂರಬೇಕಾದ ಪ್ಯಾನಲ್ಲಿನ ಅಗಲ ನಾಲ್ಕಡಿ ದಾಟುತ್ತದೆ. ಕೋಣೆಯ ಬಾಗಿಲು ಎರಡೂವರೆ ಅಡಿಯಲ್ಲೇ ಉಳಿಯುತ್ತದೆ.

ಇದಕ್ಕೆ ಮದ್ದು ಈ ಪೆಟ್ಟಿಗೆ ಹುಟ್ಟಿದ ರೇಷ್ಮೆಯ ಊರು ಶಿಡ್ಲಘಟ್ಟದ ಗಲ್ಲಿಗಳಲ್ಲೇ ಇದೆ. ಚರಕದಲ್ಲಿ ರೇಷ್ಮೆಗೂಡು ಬೇಯಿಸುವುದೂ ನೂಲು ಬಿಚ್ಚುವುದೂ ಒಂದೇ ಬಾಣಲೆಯಲ್ಲಿ. ಆಮೇಲೆ ಬಂದ ಕಾಟೇಜ್ ಬೇಸಿನ್ ಎಂಬ ಸಾಧನ ಇವೆರಡನ್ನೂ ಬೇರೆ ಮಾಡಿತು. ನೂಲಿನ ಗುಣಮಟ್ಟ ಏರಿತು. ನೂಲು ಬಿಚ್ಚಾಣಿಕೆದಾರರ ಊರಿನಲ್ಲಿ ಕಟ್ಟುವ ಎರಡನೆಯ ಪೆಟ್ಟಿಗೆಗೂ ಇದೇ ಧರ್ಮ: ಕೂಡಿಸುವ ಮೊದಲು ಬೇರ್ಪಡಿಸಬೇಕು.

ಆದ್ದರಿಂದ ಸನ್ಮಾನಿತರ ಮೊದಲ ಸಾಧನೆ, ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಎರಡು ಪ್ಯಾನಲ್. ‘ಪ್ಯಾಕ್-ಮ್ಯಾನ್’ಗೆ ಬೇಕಾದದ್ದು ನಾಲ್ಕೇ ದಿಕ್ಕಿಗೆ ಓಡುವ ಜಾಯ್‌ಸ್ಟಿಕ್, ಎಂಟು ದಿಕ್ಕಿನದರಲ್ಲಿ ಆಡಿದರೆ ಕೈ ಓರೆಯಾದಾಗ ತಿರುವು ತಪ್ಪಿ ಭೂತದ ಬಾಯಿಗೆ ಬೀಳುವುದು ಖಂಡಿತ. ‘ಸ್ಟ್ರೀಟ್ ಫೈಟರ್’ಗೆ ಎಂಟು ದಿಕ್ಕೂ ಬೇಕು, ಮೂರು ಗುದ್ದಿಗೆ ಮೂರು ಒದೆತಕ್ಕೆ ತಲೆಗೆ ಆರು ಬಟನ್ನೂ ಬೇಕು. 30 ಎಂಎಂ ತೂತಿನಲ್ಲಿ ಕೂರುವ ಪ್ರತಿ ಬಟನ್ನಿಗೂ ಒಂದು ಮೈಕ್ರೋಸ್ವಿಚ್, ಎರಡು ತಂತಿ. ಒಂದು ತಂತಿ ಯುಎಸ್‌ಬಿ ಎನ್‌ಕೋಡರ್ ಬೋರ್ಡಿಗೆ ಹೋಗುತ್ತದೆ; ಇನ್ನೊಂದು ಬಟನ್ನಿನಿಂದ ಬಟನ್ನಿಗೆ ಸರಪಳಿಯಾಗಿ ಸಾಗಿ ಗ್ರೌಂಡ್ ಸೇರುತ್ತದೆ. ಪ್ಯಾನಲ್ ನೆಲದಿಂದ 36ರಿಂದ 40 ಇಂಚಿನ ಎತ್ತರದಲ್ಲಿದ್ದರೆ ನಿಂತು ಆಡುವವರ ಮೊಣಕೈಗೆ ಸುಖ. ಮಕ್ಕಳಿಗೆ ಸ್ಟೂಲು.

ಸನ್ಮಾನಿತರ ದೇಹ 18 ಎಂಎಂ ಪ್ಲೈವುಡ್‌ನದು. ಎಂಡಿಎಫ್ ಹಲಗೆ ಕೊಯ್ಯಲು ಸಲೀಸು, ಬೆಲೆಯೂ ಕಡಿಮೆ; ಆದರೆ ಗೂಡು ಬೇಯುವ ಹಬೆ ಪಕ್ಕದಿಂದ ಬರುವ ಮನೆಯಲ್ಲಿ ಅದರ ಅಂಚು ತೇವ ಹೀರಿ ಊದಿಕೊಳ್ಳುತ್ತದೆ. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಾಳೆಯೇ ಸುಮಾರು 30 ಕೆ.ಜಿ. ತೂಗುವುದರಿಂದ ಪೆಟ್ಟಿಗೆಯನ್ನು ಮೇಲುಭಾಗ, ಕೆಳಭಾಗ ಎಂದು ಎರಡಾಗಿ ಮಾಡಿ ಬೋಲ್ಟ್ ಬಿಗಿಯುವುದು ವಿವೇಕ. ಕೋಣೆಯೊಳಗೇ ಜೋಡಿಸಿದ ಮೊದಲನೆಯದು ಆ ಕೋಣೆಯಲ್ಲೇ ನೆಲೆ ನಿಂತಿರುವುದರಿಂದ ಈ ವಿವೇಕ ಒದಗಿದೆ.

ಮುಖಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಹಳೆಯ ಚೌಕಾಕಾರದ ಮಾನಿಟರ್. ಹಿರಿಯರಲ್ಲಿ ಕೆಲವರ ಪರದೆ ಉದ್ದಕ್ಕೆ, ಕೆಲವರದು ಅಡ್ಡಕ್ಕೆ. ಚೌಕಕ್ಕೆ ಹತ್ತಿರವಿದ್ದರೆ ಇಬ್ಬರಿಗೂ ಅಷ್ಟಾಗಿ ಅನ್ಯಾಯವಾಗದು. ಸನ್ಮಾನಿತರ ಮಿದುಳಾದ ರಾಸ್ಪ್‌ಬೆರಿ ಪೈಯೊಳಗಿನ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡು ಕೆಡುವ ಸಂಭವವಿದೆ. ಆದ್ದರಿಂದ ಚಿಕ್ಕದೊಂದು ಯುಪಿಎಸ್, ಜೊತೆಗೆ ಕಾರ್ಡಿನ ಇನ್ನೊಂದು ಪ್ರತಿ. 230 ವೋಲ್ಟಿನ ಭಾಗಕ್ಕೆ ಅರ್ಥಿಂಗ್ ಕಡ್ಡಾಯ, ಅದರ ತಂತಿಗಳು ಬಟನ್ ತಂತಿಗಳಿಂದ ದೂರ. ಬಿಸಿಗಾಳಿ ಮೇಲೇರುವುದರಿಂದ ಹಿಂಬದಿಯ ಬುಡದಲ್ಲೊಂದು, ತಲೆಯಲ್ಲೊಂದು ಗಾಳಿಕಿಂಡಿ.

ಇನ್ನು ಮರ್ಯಾದೆಯ ವಿಧಿ. ಶಾಲನ್ನು ಹಿಂದೆ ಹೊದಿಸಿದರೆ ಗಾಳಿಕಿಂಡಿ ಮುಚ್ಚುತ್ತದೆ, ಮುಂದೆ ಹೊದಿಸಿದರೆ ಪರದೆ. ಹಾರದ ನೀರು ಬಟನ್ನುಗಳ ಸಂದಿಗೆ ಇಳಿಯುತ್ತದೆ. ಹಾಗಾಗಿ ಶಾಲು, ಹಾರ, ಪೇಟಗಳನ್ನು ಕೋಣೆ ಬಿಟ್ಟು ಬಾರದ ಹಿರಿಯ ಪೆಟ್ಟಿಗೆಗೆ ಸಲ್ಲಿಸತಕ್ಕದ್ದು. ಕಿರಿಯದಕ್ಕೆ ಈ ಬಿನ್ನವತ್ತಳೆ ಸಾಕು. ಅದಕ್ಕೆ ಚೌಕಟ್ಟು ಹಾಕಿಸುವುದು ಬೇಡ. ಕಾಗದದ ಹಿಂಬದಿಯಲ್ಲಿ ಯಾವ ತಂತಿ ಯಾವ ಬಟನ್ನಿನದೆಂದು ಬರೆದು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಬೇಕಾಗಿದೆ.