ಸಂಬಳವಲ್ಲ, ಭತ್ಯೆ

ತಮ್ಮ ಭತ್ಯೆಯ ಪರಿಷ್ಕರಣೆ ಕುರಿತ ಕಮಲೇಶ್ ಚಂದ್ರ ಸಮಿತಿಯ ವರದಿ ಜಾರಿಗಾಗಿ ಹಳ್ಳಿಗಳಲ್ಲಿ ಅಂಚೆ ಕೆಲಸ ಮಾಡುವ ಗ್ರಾಮೀಣ ಡಾಕ್ ಸೇವಕರು 2018ರ ಮೇ 22ರಂದು ಅನಿರ್ದಿಷ್ಟಾವಧಿ ಮುಷ್ಕರ ಹೂಡಿದರು. ಬೀಗ ಬಿದ್ದ ಶಾಖಾ ಅಂಚೆ ಕಚೇರಿಯ ಜಗಲಿಯ ವಾದ ಸಾಮಾನ್ಯವಾಗಿ ಹೀಗಿರುತ್ತದೆ:

"ಮೊಬೈಲಿರೋವಾಗ ಕಾಗದ ಯಾರಿಗೆ ಬೇಕು? ಇವರಿಗ್ಯಾಕೆ ಸಂಬಳ ಜಾಸ್ತಿ?"

"ಸಂಬಳ ಅನ್ನಬೇಡಿ ಗೌಡ್ರೇ, ಲೆಕ್ಕದಲ್ಲಿ ಅದು ಭತ್ಯೆ. ಕೆಲಸ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ."

"ಮತ್ತೆ ಹೊಟ್ಟೆಪಾಡು?"

"ಬೇರೆ ಆದಾಯ ಇರಲೇಬೇಕು ಅಂತ ನಿಯಮವೇ ಇದೆ. ಸರ್ಕಾರದ ದೂರಾಲೋಚನೆ!"

"ಹೋಗ್ಲಿ ಬಿಡಪ್ಪ. ನಮ್ಮವ್ವನ ಪಿಂಚಣಿ ಮನಿಯಾರ್ಡರ್ ಇನ್ನೂ ಬಂದಿಲ್ವಲ್ಲ?"

"ಮೊಬೈಲಿನಲ್ಲೇ ಬರುತ್ತೇನೋ, ನೋಡಿ."

ಪಿಂಚಣಿಯ ಮಾತು ಬಂದೊಡನೆ ಇಂಥ ವಾದಗಳು ತಣ್ಣಗಾಗುತ್ತವೆ. ಕೊನೆಗೆ ಅದೇ ವರ್ಷದ ಜೂನ್ 6ರಂದು ಕೇಂದ್ರ ಸಂಪುಟ ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಒಪ್ಪಿತು. ಹೆಸರು ಮಾತ್ರ ಭತ್ಯೆಯೆಂದೇ ಉಳಿಯಿತು.