ದುಡ್ಡಿದ್ದಷ್ಟು ಮಳೆ

ಲಾಸ್ ಏಂಜಲೀಸ್. ಮಗನ ಮನೆಗೆ ಬಂದ ರಾಯರು, ಪದ್ದಮ್ಮ ಟಿವಿ ಮುಂದೆ. ಓಡುತ್ತಿರುವುದು 2013ರ ಟಿವಿ ಚಿತ್ರ ‘ಶಾರ್ಕ್‌ನೇಡೊ’.

“ಏನ್ರೀ, ಸುಂಟರಗಾಳಿಯಲ್ಲಿ ಮೀನು ಹಾರ್ತಿವೆ?”

“ಶಾರ್ಕು ಕಣೇ. ಇದೇ ಊರ ಮೇಲೆ ಬೀಳ್ತವೆ.”

“ಅಯ್ಯೋ, ಹಿತ್ತಲಲ್ಲಿ ಸಂಡಿಗೆ ಒಣಹಾಕಿದೀನಿ!”

“ಕಥೆಗೆ ತಲೆಬುಡ ಇಲ್ಲ.”

“ಶಾರ್ಕು ತಿಂದಿರ್ಬೇಕು.”

“ಒಂದು ಶಾಟಲ್ಲಿ ಜಡಿಮಳೆ, ಮುಂದಿನದ್ರಲ್ಲಿ ಬಿಸಿಲು!”

“ದುಡ್ಡಿದ್ದಷ್ಟು ಮಳೆ ಬರ್ಸಿದಾರೆ, ಪಾಪ.”

“ನೋಡು, ಹೀರೋ ಗರಗಸ ಹಿಡ್ಕೊಂಡು ಶಾರ್ಕಿನ ಬಾಯೊಳಗೇ ಹಾರಿದ. ಹೊಟ್ಟೆ ಸೀಳಿ ಬಂದೂಬಿಟ್ಟ! ಯಾವಾಗ್ಲೋ ನುಂಗಿದ್ದ ಹುಡುಗೀನೂ ಎಳ್ಕೊಂಡು ಬಂದ.”

“ಆ ಶರ್ಟು ಒಗೆಯೋರು ಯಾರ್ರೀ?”

ಮಗ ಪಾಪ್‌ಕಾರ್ನ್ ಹಿಡಿದು ಬಂದ.

“ಅಮ್ಮಾ, ಇಷ್ಟು ಕೆಟ್ಟದಾಗಿ ತೆಗೆಯೋಕೂ ಟ್ಯಾಲೆಂಟ್ ಬೇಕು. ಐದನೇ ಸಲ ನೋಡ್ತಿದೀನಿ.”

“ಮತ್ತೆ ಮೊನ್ನೆ ಸಾರು ಕೆಟ್ಟಿದೆ ಅಂತ ತಟ್ಟೆ ತಳ್ಳಿದ್ಯಲ್ಲೋ?”

“ಅದು ಸುಮ್ನೆ ಕೆಟ್ಟಿತ್ತು. ಇದು ಚೆನ್ನಾಗಿ ಕೆಟ್ಟಿದೆ.”

“ಮುಂದಿನ ಭಾಗ ಇದ್ಯೇನೋ?” ರಾಯರ ಕುತೂಹಲ.

“ಒಟ್ಟು ಆರು. ಮೂರನೇದ್ರಲ್ಲಿ ಬಾಹ್ಯಾಕಾಶ, 2018ರ ಕೊನೇದ್ರಲ್ಲಿ ಡೈನೋಸಾರು.”

“ಜನ ಬೈಲಿಲ್ವಾ?”

“ಬೈದ್ರಲ್ಲ, ಅದಕ್ಕೇ ಆರಾಯ್ತು.”

ಪದ್ದಮ್ಮ ಸೆರಗು ಸಿಕ್ಕಿಸಿ ಎದ್ದರು. “ಸರಿ. ಮೊನ್ನೆಯ ಸಾರು ಇನ್ನೂ ಐದು ದಿನ.”